ಮಂಡ್ಯದ ಹಳ್ಳಿಗೆ ಆಫೀಸು ತಂದ ನಾಲ್ಕು ತಿಂಗಳು

ಬೆಂಗಳೂರಿನ ಕೆಲಸವನ್ನು ಊರ ಮನೆಯಿಂದ ಮಾಡಲು ಹೊರಟವರಿಗೆಲ್ಲ ಮೊದಲು ಎದುರಾಗುವ ಪ್ರಶ್ನೆ ಒಂದೇ: 'ಅಲ್ಲಿ ನೆಟ್ ಬರುತ್ತಾ?' ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು, ಮನೆಗೆ ಕರೆಂಟು ಯಾವ ಲೈನಿನಿಂದ ಬರುತ್ತದೆ ಅನ್ನೋದು. ಇದೂ ಇಂಥ ಇನ್ನಷ್ಟೂ ಗೊತ್ತಿಲ್ಲದೆ ನಾನು ಕಳೆದುಕೊಂಡಿದ್ದು ಸುಮಾರು ಎರಡು ತಿಂಗಳು, ಒಂದು ರೂಟರ್ ಅಡಾಪ್ಟರ್, ಮತ್ತು ಮ್ಯಾನೇಜರ್ ತಾಳ್ಮೆಯ ಬಹುಪಾಲು.

ಊರು ಪಾಂಡವಪುರದ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ಸುತ್ತ ಕಬ್ಬು, ಭತ್ತ, ಪಂಪ್‌ಸೆಟ್ಟು, ಕೂಗಳತೆಯಲ್ಲಿ ಒಂದು ಆಲೆಮನೆ. ಇವನ್ನೆಲ್ಲ ಯಾಕೆ ಹೇಳುತ್ತಿದ್ದೀನಿ ಅನ್ನೋದು ಮುಂದೆ ಗೊತ್ತಾಗುತ್ತದೆ.

ಕಾಗದಪತ್ರದಿಂದ ಶುರು ಮಾಡೋಣ. ಮ್ಯಾನೇಜರ್ ಬಾಯಿಮಾತಲ್ಲಿ 'ಆಯ್ತು, ಹೋಗಿ' ಅಂದಿದ್ದು ಫೆಬ್ರವರಿ ಮೊದಲ ವಾರ. ಎಚ್‌ಆರ್‌ನಿಂದ ಮೇಲ್ ಬಂದಿದ್ದು ಮಾರ್ಚ್ ಎರಡನೇ ವಾರ. ನಡುವಿನ ಐದು ವಾರ ಹೋಗಿದ್ದು ವಿಳಾಸದ ದಾಖಲೆಗೆ. ಕಂಪನಿ ಕೇಳಿದ್ದು ಕರೆಂಟ್ ಬಿಲ್ಲು ಅಥವಾ ಬಾಡಿಗೆ ಕರಾರು. ಹಳ್ಳಿ ಮನೆಗೆ ಕರಾರು ಎಲ್ಲಿಂದ ಬರಬೇಕು? ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್, ಅಂದರೆ ಸಂಪರ್ಕದ ನಂಬರ್, ಇನ್ನೂ ತಾತನ ಹೆಸರಲ್ಲಿ, ತಾತ ತೀರಿಕೊಂಡು ವರ್ಷಗಳಾಗಿವೆ. ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಕತೆ ಇದೇ. ಆರ್‌ಆರ್ ನಂಬರಿನ ಹೆಸರು ಬದಲಾಯಿಸೋಕೆ ಹೋದರೆ ಖಾತೆ, ವಂಶವೃಕ್ಷ, ದಾಯಾದಿಗಳ ಒಪ್ಪಿಗೆ ಅಂತ ಬಾಲ ಬೆಳೆಯುತ್ತದೆ. ಅದನ್ನು ಬಿಟ್ಟು ನಾಡಕಚೇರಿಯಲ್ಲಿ ವಾಸಸ್ಥಳ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಿದ್ದೇ ಸರಿಯಾಯಿತು. ಅರ್ಜಿ ಕೊಡೋದು ಹತ್ತು ನಿಮಿಷದ ಕೆಲಸ, ವಿಎ (ಗ್ರಾಮ ಆಡಳಿತ ಅಧಿಕಾರಿ) ವರದಿ ಹಾಕುವವರೆಗೆ ಮಾತ್ರ ಅದು ಅಲ್ಲೇ ಕೂತಿರುತ್ತದೆ. ನನಗೆ 12 ದಿನ ಹಿಡಿಯಿತು. ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಜೊತೆಗೆ ಅಕ್ಕಪಕ್ಕದ ಇಬ್ಬರ ಫೋನ್ ನಂಬರ್ ಕೈಲಿಟ್ಟುಕೊಂಡಿರಿ. ಮನೆಯಲ್ಲಿ ಯಾರೂ ಇಲ್ಲದಾಗಲೇ ವಿಚಾರಣೆಗೆ ಬರುತ್ತಾರೆ.

ಕಂಪನಿಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕಾದ್ದು ಒಂದಿದೆ, 'ಬೇಸ್ ಲೊಕೇಶನ್' ಬದಲಾಗುತ್ತದೋ ಇಲ್ಲವೋ ಅಂತ. ಅದು ಬೆಂಗಳೂರೇ ಆಗಿ ಉಳಿದರೆ, ಆಫೀಸಿಗೆ ಬನ್ನಿ ಅಂದ ದಿನ ಓಡಾಟದ ಖರ್ಚು ನಿಮ್ಮದು. ಊರಿಗೆ ಬದಲಾದರೆ ಓಡಾಟದ ಖರ್ಚು ಕೇಳಬಹುದು, ಆದರೆ ಮುಂದಿನ ಅಪ್ರೈಸಲ್‌ನಲ್ಲಿ 'ಸಣ್ಣ ಊರಿನ ಸಂಬಳ' ಅನ್ನೋ ಮಾತು ಏಳಬಹುದು. ನಾನು ಮೊದಲನೆಯದನ್ನು ಆರಿಸಿಕೊಂಡೆ. ರಾಜ್ಯ ಒಂದೇ ಆದ್ದರಿಂದ ವೃತ್ತಿ ತೆರಿಗೆಯಲ್ಲಿ ವ್ಯತ್ಯಾಸವಿಲ್ಲ. ಎಚ್‌ಆರ್‌ಎ, ಅಂದರೆ ಸಂಬಳದ ಮನೆ ಬಾಡಿಗೆ ಭತ್ಯೆಯ, ವಿಷಯ ಬೇರೆ. ಹಳೇ ತೆರಿಗೆ ಪದ್ಧತಿಯಲ್ಲಿರುವವರು ಬಾಡಿಗೆ ಕೊಡುವುದು ನಿಲ್ಲಿಸಿದ ತಿಂಗಳಿಂದ ಆ ವಿನಾಯಿತಿಯೂ ನಿಲ್ಲುತ್ತದೆ. ಅಪ್ಪನಿಗೇ ಬಾಡಿಗೆ ಕೊಡುತ್ತೀನಿ ಅನ್ನುವವರು ನಿಜವಾಗಿಯೂ ಬ್ಯಾಂಕಿನ ಮೂಲಕ ಕೊಡಬೇಕು, ಅಪ್ಪ ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಹೊಸ ಪದ್ಧತಿಯವರಿಗೆ ಈ ತಲೆನೋವೇ ಇಲ್ಲ.

ಇನ್ನು ಲೈನಿನ ವಿಚಾರ. ನಮ್ಮ ಕಡೆ ಹಳ್ಳಿಗೆ ಬರುವ ಕರೆಂಟು ಎರಡು ದಾರಿ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಲೈನು, ಜನ 'ಎನ್‌ಜೆವೈ' ಅನ್ನುತ್ತಾರೆ. ಅದರಲ್ಲಿ ದಿನವಿಡೀ ಕರೆಂಟು. ಗದ್ದೆ ತೋಟಕ್ಕೆ ಐಪಿ ಲೈನು, ಅಂದರೆ ನೀರಾವರಿ ಪಂಪ್‌ಸೆಟ್ಟಿನ ಲೈನು. ಅದರಲ್ಲಿ ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಮೇಲೆ, ಒಂದು ವಾರ ಹಗಲಾದರೆ ಇನ್ನೊಂದು ವಾರ ರಾತ್ರಿ. ತೋಟದ ಮನೆಯಲ್ಲಿ ಹಸಿರಿನ ನಡುವೆ ಕೂತು ಕೆಲಸ ಮಾಡುವ ಆಸೆ ಇರುವವರು ಇದನ್ನು ಎರಡು ಸಲ ಓದಿ. ಐಪಿ ಲೈನಿನ ಮೇಲಿರುವ ಮನೆಯಲ್ಲಿ ಯಾವ ಇನ್ವರ್ಟರೂ ನಿಮ್ಮನ್ನು ಕಾಪಾಡುವುದಿಲ್ಲ, ಬ್ಯಾಟರಿ ಚಾರ್ಜ್ ಆಗೋಕೇ ಸಮಯ ಸಿಗುವುದಿಲ್ಲ. ನಾನು ಮೊದಲು ಟೇಬಲ್ ಹಾಕಿದ್ದು ತೋಟದ ಮನೆಯಲ್ಲೇ. ಒಂಬತ್ತನೇ ದಿನಕ್ಕೆ ಎತ್ತಿಕೊಂಡು ಊರೊಳಗೆ ಬಂದೆ.

ಯಾವ ಲೈನು ಅಂತ ತಿಳಿಯೋದು ಸುಲಭ. ನಿಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ಯಾವ ಫೀಡರಿನದು, ಅಂದರೆ ಯಾವ ಲೈನಿನದು ಅಂತ ಲೈನ್‌ಮ್ಯಾನ್‌ನ ಕೇಳಿ. ಅವರ ನಂಬರ್ ಊರಲ್ಲಿ ಎಲ್ಲರ ಹತ್ತಿರವೂ ಇರುತ್ತದೆ. 1912ಕ್ಕೆ ದೂರು ಕೊಡಬಹುದು, ದೂರಿನ ಸಂಖ್ಯೆಯೂ ಸಿಗುತ್ತದೆ. ಆದರೆ 'ಇನ್ನೆಷ್ಟೊತ್ತು?' ಅನ್ನೋದಕ್ಕೆ ಉತ್ತರ ಸಿಗೋದು ಲೈನ್‌ಮ್ಯಾನ್ ಬಾಯಿಂದಲೇ. 'ಎಲ್‌ಸಿ ತಗೊಂಡವ್ರೆ ಸಾ, ಮೂರ್ ಗಂಟೆ ಆಯ್ತದೆ' ಅಂದರೆ ಲೈನ್ ಕ್ಲಿಯರ್ ತಗೊಂಡು, ಕರೆಂಟು ನಿಲ್ಲಿಸಿ ಮೇಲೆ ಕಂಬದಲ್ಲಿ ಕೆಲಸ ನಡೀತಿದೆ, ಮೂರಕ್ಕೆ ಮುಗಿಯುತ್ತದೆ, ನಾಲ್ಕರ ಮೀಟಿಂಗ್‌ಗೆ ಆಸೆ ಇಟ್ಟುಕೊಳ್ಳಬಹುದು ಅಂತ ಅರ್ಥ. ಸಬ್‌ಸ್ಟೇಷನ್ ನಿರ್ವಹಣೆಯ ಪ್ರಕಟಣೆ ಹಿಂದಿನ ದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಹೆಚ್ಚಾಗಿ ಬೆಳಗ್ಗೆ 10ರಿಂದ ಸಂಜೆ 5. ನಿಮ್ಮ ಬ್ಯಾಟರಿಯ ಲೆಕ್ಕ ಈ ಏಳು ಗಂಟೆಯ ಮೇಲೆ ನಿಲ್ಲಬೇಕು.

ಆ ಲೆಕ್ಕ ಹೀಗೆ. ಲ್ಯಾಪ್‌ಟಾಪ್ 65 ವಾಟ್, ಮಾನಿಟರ್ 25, ಹಳೇ ಸೀಲಿಂಗ್ ಫ್ಯಾನ್ 75, ಒಂದು ಬಲ್ಬು 10, ಫೈಬರ್ ಪೆಟ್ಟಿಗೆ ಮತ್ತು ರೂಟರ್ ಸೇರಿ 20. ಒಟ್ಟು 195. 150 ಎಎಚ್‌ನ 12 ವೋಲ್ಟ್ ಟ್ಯೂಬುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್-ಗಂಟೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಇನ್ವರ್ಟರ್‌ನಲ್ಲೂ ಒಂದಷ್ಟು ಶಾಖವಾಗಿ ಹೋಗುತ್ತದೆ, ಕೈಗೆ ಸಿಗೋದು 1100ರ ಸುತ್ತ. 195ರಿಂದ ಭಾಗಿಸಿದರೆ ಐದೂವರೆ ಗಂಟೆ. ಏಳಕ್ಕೆ ಸಾಲದು. ಅಂಗಡಿಯವರು ಎರಡನೇ ಬ್ಯಾಟರಿ ಹಾಕಿಸಿ ಅಂದರು. ಅದರ ಬದಲು ಫ್ಯಾನ್ ಬದಲಾಯಿಸಿದೆ. 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದ ಮೇಲೆ ಒಟ್ಟು ಲೋಡು 150ಕ್ಕೆ ಇಳಿದು, ಅದೇ ಬ್ಯಾಟರಿ ಏಳು ಗಂಟೆ ದಾಟುತ್ತದೆ. ಹದಿನೈದು ಸಾವಿರದ ಬ್ಯಾಟರಿ ಮಾಡಬೇಕಿದ್ದ ಕೆಲಸವನ್ನು ಮೂರು ಸಾವಿರದ ಫ್ಯಾನು ಮಾಡಿತು.

ಇಷ್ಟಾದರೂ ಒಂದು ವಿಚಿತ್ರ ಶುರುವಾಯಿತು. ಬೇಸಿಗೆಯಲ್ಲಿ ಹಗಲು ಹನ್ನೊಂದರ ಹೊತ್ತಿಗೆ ಮನೆಯಲ್ಲಿ ಬಲ್ಬು ಉರಿಯುತ್ತಿರುತ್ತದೆ, ಇನ್ವರ್ಟರ್ ಮಾತ್ರ ಕರೆಂಟಿಲ್ಲ ಅಂತ ಬ್ಯಾಟರಿ ಮೇಲೆ ಓಡುತ್ತಿರುತ್ತದೆ! ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಖಾಲಿ, ಆಮೇಲೆ ನಿಜವಾಗಿ ಕರೆಂಟು ಹೋದರೆ ಎಲ್ಲ ಕತ್ತಲು. ಮೆಕ್ಯಾನಿಕ್ ಎರಡು ಸಲ ಬಂದು ಇನ್ವರ್ಟರ್ ಬೋರ್ಡ್ ಹೋಗಿದೆ ಅಂದ. ಬೋರ್ಡ್ ಸರಿಯಾಗೇ ಇತ್ತು.

ಇನ್ವರ್ಟರ್ ಹಿಂದೆ ಬೆರಳುಗುರಿನಷ್ಟು ಸ್ವಿಚ್ಚೊಂದಿರುತ್ತದೆ, ಒಂದು ಕಡೆ 'ಯುಪಿಎಸ್', ಇನ್ನೊಂದು ಕಡೆ 'ನಾರ್ಮಲ್' ಅಥವಾ 'ಇಕೋ'. ಯುಪಿಎಸ್ ಕಡೆಗಿದ್ದರೆ ಕರೆಂಟು ಹೋದಾಗ ಕಣ್ಣು ಮಿಟುಕಿಸುವುದರೊಳಗೆ ಬ್ಯಾಟರಿಗೆ ಬದಲಾಗುತ್ತದೆ, ರೂಟರ್ ಆಫ್ ಆಗುವುದಿಲ್ಲ. ಆದರೆ ಆ ಸ್ಥಿತಿಯಲ್ಲಿ ಇನ್ವರ್ಟರ್ ಒಪ್ಪಿಕೊಳ್ಳುವ ವೋಲ್ಟೇಜ್ ಸಾಮಾನ್ಯವಾಗಿ 180ರಿಂದ 260 ಮಾತ್ರ. ಹಗಲು ಲೈನಿನ ಹೊರೆ ಏರಿದಾಗ ಊರಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ 170ಕ್ಕೆ ಇಳಿಯುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿದೆ: ಬೆಳಗ್ಗೆ ಏಳಕ್ಕೆ 224, ಹನ್ನೊಂದಕ್ಕೆ 168. ಬಲ್ಬಿಗೆ 168 ಸಾಕು, ಇನ್ವರ್ಟರ್‌ಗೆ ಅದು ಕರೆಂಟೇ ಅಲ್ಲ. ಸ್ವಿಚ್ಚನ್ನು ನಾರ್ಮಲ್‌ಗೆ ತಳ್ಳಿದರೆ 100ರ ಆಸುಪಾಸಿನವರೆಗೂ ಅದು ಲೈನನ್ನೇ ಬಳಸುತ್ತದೆ, ಬ್ಯಾಟರಿ ಉಳಿಯುತ್ತದೆ. ಆಗ ಬೇರೆ ತೊಂದರೆ. ಬದಲಾಗುವಾಗಿನ ಅರೆಕ್ಷಣದ ತಡವರಿಕೆಗೆ ರೂಟರ್ ಸತ್ತು ಹುಟ್ಟುತ್ತದೆ, ಫೈಬರ್ ಪೆಟ್ಟಿಗೆ ಮತ್ತೆ ಸಾಲಿಗೆ ಬರೋಕೆ ಎರಡು ಮೂರು ನಿಮಿಷ. ಕಾಲ್ ಅಷ್ಟರಲ್ಲಿ ಕಟ್ಟು.

ಪರಿಹಾರ ಸಿಕ್ಕಿದ್ದು 1300 ರೂಪಾಯಿಯ ಮಿನಿ ಯುಪಿಎಸ್‌ನಲ್ಲಿ. ಅಂಗೈ ಅಗಲದ ಪೆಟ್ಟಿಗೆ, ಒಳಗೆ ಲಿಥಿಯಂ ಸೆಲ್, ರೂಟರ್‌ಗೆ ನೇರ 12 ವೋಲ್ಟ್ ಡಿಸಿ ಕೊಡುತ್ತದೆ. ಈಗ ದೊಡ್ಡ ಇನ್ವರ್ಟರ್ ನಾರ್ಮಲ್‌ನಲ್ಲಿ, ರೂಟರ್ ಮತ್ತು ಫೈಬರ್ ಪೆಟ್ಟಿಗೆ ಮಿನಿ ಯುಪಿಎಸ್ ಮೇಲೆ. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇದೆ, ಅದಕ್ಕೆ ಆ ಅರೆಕ್ಷಣ ಲೆಕ್ಕಕ್ಕಿಲ್ಲ. ಕೊಳ್ಳುವ ಮುಂಚೆ ನಿಮ್ಮ ರೂಟರ್ ಅಡಾಪ್ಟರ್ ಮೇಲಿನ ಬರಹ ಓದಿ. ಕೆಲವು 9 ವೋಲ್ಟಿನವು ಇವೆ, ಅವಕ್ಕೆ 12 ಕೊಟ್ಟರೆ ಸುಡುತ್ತವೆ. ಪಿನ್ನಿನ ಒಳ ಅಳತೆಯೂ 2.1 ಮತ್ತು 2.5 ಮಿಲಿಮೀಟರ್ ಅಂತ ಎರಡು ಥರ. ತಪ್ಪು ತಂದರೆ ಹೊಕ್ಕಿದಂತೆ ಕಂಡರೂ ಅಲುಗಾಡಿದಾಗಲೆಲ್ಲ ಬಿಡುತ್ತದೆ.

ಫೈಬರ್ ಎಳೆಸಿದ್ದು ಊರಿನ ಕೇಬಲ್‌ನವರಿಂದಲೇ. 499ರ ಪ್ಲಾನು, 18 ಪರ್ಸೆಂಟ್ ಜಿಎಸ್‌ಟಿ ಸೇರಿ ತಿಂಗಳಿಗೆ 589. 'ನಾಳೆ ಬತ್ತೀನಿ ಅಣ್ಣ' ಅಂದ ಹುಡುಗ ಬಂದಿದ್ದು ಹದಿನೇಳನೇ ದಿನ. ಬಂದಾಗ ಸ್ಪೀಡ್ ಟೆಸ್ಟ್ ತೋರಿಸಿ ಸಹಿ ಹಾಕಿಸಿಕೊಂಡು ಹೊರಡುತ್ತಾರೆ. ಬಿಡಬೇಡಿ. ಪವರ್ ಮೀಟರ್ ಇಟ್ಟು ಬೆಳಕಿನ ಮಟ್ಟ ಎಷ್ಟಿದೆ ತೋರಿಸಿ ಅನ್ನಿ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ಇದ್ದರೆ ನೆಮ್ಮದಿ. ಮೈನಸ್ 27ರ ಹತ್ತಿರ ಇದ್ದರೆ ಅವತ್ತು ಓಡುತ್ತದೆ, ಮೊದಲ ಮಳೆಗೆ ಕೈಕೊಡುತ್ತದೆ. ನನ್ನದು ಮೈನಸ್ 26.5 ಇತ್ತು. ಕಾರಣ ಎರಡು. ಕಂಬದ ಮೇಲಿನ ಜಾಯಿಂಟ್ ಸರಿ ಇರಲಿಲ್ಲ, ಗೋಡೆಯ ಮೂಲೆಯಲ್ಲಿ ವೈರನ್ನು ಕರೆಂಟ್ ವೈರಿನ ಹಾಗೆ ಮಡಚಿ ಮೊಳೆ ಹೊಡೆದಿದ್ದರು. ಫೈಬರನ್ನು ಬಳೆಯಷ್ಟಾದರೂ ದುಂಡಗೆ ತಿರುಗಿಸಬೇಕು, ಚೂಪಾಗಿ ಮಡಚಿದರೆ ಬೆಳಕು ಅಲ್ಲೇ ಸೋರುತ್ತದೆ. ಕನೆಕ್ಟರ್ ಬಣ್ಣವನ್ನೂ ನೋಡಿ. ಪೆಟ್ಟಿಗೆಯ ತೂತು ಹಸಿರಾದರೆ ವೈರಿನ ತುದಿಯೂ ಹಸಿರೇ ಇರಬೇಕು. ನೀಲಿಯದು ತುರುಕಿದರೆ ಕೂರುತ್ತದೆ, ಬೆಳಕು ಮಾತ್ರ ಪೋಲು.

ಸುಗ್ಗಿಯಲ್ಲಿ ಮತ್ತೊಂದು ಅಪಾಯ ಕಬ್ಬಿನ ಟ್ರ್ಯಾಕ್ಟರು. ರಸ್ತೆ ದಾಟುವ ಕಡೆ ವೈರು ಕನಿಷ್ಠ 18-20 ಅಡಿ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಲೋಡಿನ ತುದಿಗೆ ಸಿಕ್ಕಿ ವೈರೂ ಗೂಟವೂ ಕಾರ್ಖಾನೆವರೆಗೆ ಮೆರವಣಿಗೆ ಹೋಗುತ್ತವೆ. ಪೆಟ್ಟಿಗೆಯಲ್ಲಿ 'ಲಾಸ್' ಅನ್ನೋ ಕೆಂಪು ದೀಪ ಮಿನುಗಿದರೆ ಬೆಳಕೇ ಬರುತ್ತಿಲ್ಲ ಅಂತ. ರೂಟರ್ ಆಫ್-ಆನ್ ಮಾಡುತ್ತಾ ಕೂರಬೇಡಿ, ಮೊಬೈಲ್ ಹಾಟ್‌ಸ್ಪಾಟ್‌ಗೆ ಹೋಗಿ ಕೇಬಲ್‌ನವರಿಗೆ ಫೋನ್ ಮಾಡಿ. ಹಾಟ್‌ಸ್ಪಾಟ್‌ಗೆ ಬೇರೆ ಕಂಪನಿಯ ಎರಡನೇ ಸಿಮ್ ಇರಲಿ, ಕರೆಂಟು ತುಂಬಾ ಹೊತ್ತು ಹೋದಾಗ ಒಂದು ಟವರಿನ ಬ್ಯಾಟರಿ ಸತ್ತರೂ ಇನ್ನೊಂದು ಉಸಿರಾಡುತ್ತಿರಬಹುದು.

ಮನೆಯೊಳಗೆ ವೈಫೈ ನಂಬಬೇಡಿ. ಹಳೇ ಮನೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ, ಐದು ಗಿಗಾಹರ್ಟ್ಸ್ ಸಿಗ್ನಲ್ ಅದನ್ನು ದಾಟುವುದೇ ಕಷ್ಟ. 20 ಮೀಟರ್ ಕ್ಯಾಟ್-6 ವೈರು ತಂದು ರೂಟರ್‌ನಿಂದ ಟೇಬಲ್‌ಗೆ ಎಳೆದರೆ ಆ ಗೋಳು ಮುಗಿಯಿತು. ವಿಡಿಯೋ ಕಾಲ್‌ಗೆ ಬೇಕಾಗಿರೋದು 4 ಎಂಬಿಪಿಎಸ್ ಒಳಗಡೆ. 60 ಎಂಬಿಪಿಎಸ್ ಪ್ಲಾನಿನಲ್ಲೂ ಕಾಲ್ ತುಂಡಾದರೆ ದೋಷ ವೇಗದ್ದಲ್ಲ, ಮಧ್ಯೆ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು, ಉದುರುತ್ತಿವೆ ಅಂತ.

ವಿಪಿಎನ್, ಅಂದರೆ ಮನೆಯಿಂದ ಕಂಪನಿಯ ನೆಟ್‌ವರ್ಕ್ ಸೇರುವ ದಾರಿ, ಒಂದು ವಾರ ತಿಂದಿತು. ಲಾಗಿನ್ ಆಗುತ್ತದೆ, ಹಸಿರು ಗುರುತು ಬರುತ್ತದೆ, ಆದರೆ ಕಂಪನಿಯ ಯಾವ ಪುಟವೂ ತೆರೆಯುವುದಿಲ್ಲ. ಐಟಿಯವರು ಲ್ಯಾಪ್‌ಟಾಪ್ ಕಳಿಸಿ ಅಂದರು. ಕಾರಣ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಮನೆ ಫೈಬರ್ ಯೂಸರ್‌ನೇಮ್-ಪಾಸ್‌ವರ್ಡ್ ಹಾಕಿ ತೆರೆಯುವ ಪಿಪಿಪಿಒಇ ಥರದ್ದಾದರೆ ಒಂದು ಪ್ಯಾಕೆಟ್‌ನಲ್ಲಿ 1500 ಬೈಟ್ ಬದಲು 1492 ಮಾತ್ರ ಹೋಗುತ್ತದೆ. ಅದರ ಮೇಲೆ ವಿಪಿಎನ್ ತನ್ನ ಹೊದಿಕೆ ಸುತ್ತಿದರೆ ಗಾತ್ರ ಮಿಕ್ಕಿ, ದೊಡ್ಡ ಪ್ಯಾಕೆಟ್‌ಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ಸಣ್ಣವು ದಾಟುವುದರಿಂದ ಲಾಗಿನ್ ಮಾತ್ರ ಆಗುತ್ತದೆ. ವಿಪಿಎನ್ ಇಲ್ಲದೆ, ತುಂಡು ಮಾಡಬೇಡ ಅನ್ನುವ ಆಯ್ಕೆ ಹಾಕಿ ಪಿಂಗ್ ಕೊಟ್ಟು ನೋಡಿ. 1472 ಹೋಗದೆ 1464 ಹೋದರೆ ನಿಮ್ಮದೂ ಇದೇ ಕಾಯಿಲೆ. ವಿಪಿಎನ್ ಅಡಾಪ್ಟರ್‌ನ ಎಂಟಿಯು 1400ಕ್ಕೆ ಇಳಿಸಿಕೊಡಿ ಅಂತ ಐಟಿಯವರಿಗೆ ಈ ಎರಡು ಅಂಕಿಯ ಸಮೇತ ಬರೆದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಜುಂ ಅನ್ನುತ್ತಿದ್ದರೆ ಅರ್ಥಿಂಗ್ ಸತ್ತಿದೆ. ಮೀಟರ್ ಹಾಕಿಸಿದಾಗ ಹೂತ ಪೈಪು ತುಕ್ಕು ಹಿಡಿದು ಹೋಗಿರುತ್ತದೆ, ಯಾರೂ ಮತ್ತೆ ನೋಡಿರುವುದಿಲ್ಲ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದಾಗ ನಮ್ಮಲ್ಲಿ 19 ವೋಲ್ಟ್ ಇತ್ತು, ಎರಡು ಮೂರರೊಳಗಿರಬೇಕಾದ್ದು. ಹೊಸ ಗುಂಡಿ, ತಾಮ್ರದ ಸರಳು, ಇದ್ದಿಲು-ಉಪ್ಪು, ಕೂಲಿ ಸೇರಿ 3500. ಬಚ್ಚಲು ನೀರು ಹರಿಯುವ ಕಡೆ ಗುಂಡಿ ತೆಗೆಸಿದರೆ ಬೇಸಿಗೆಯಲ್ಲೂ ಮಣ್ಣು ತೇವ ಇರುತ್ತದೆ. ಇದನ್ನು ಅಶ್ವಿನಿ, ಭರಣಿ ಮಳೆಗೆ ಮುಂಚೆ ಮಾಡಿಸಬೇಕಿತ್ತು. ಏಪ್ರಿಲ್ ಕೊನೆಯ ಒಂದು ಸಂಜೆಯ ಸಿಡಿಲಿಗೆ ರೂಟರ್ ಅಡಾಪ್ಟರ್ ಹೋಯಿತು. ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳುವುದಕ್ಕಿಂತ ಒಳ್ಳೆ ಉಪಾಯ ಇನ್ನೂ ಗೊತ್ತಿಲ್ಲ.

ದುಡ್ಡಿನ ಲೆಕ್ಕ. ಇನ್ವರ್ಟರ್ ಮತ್ತು ಬ್ಯಾಟರಿ 22,400, ಫ್ಯಾನು 3,000, ಅರ್ಥಿಂಗ್ 3,500, ಮಿನಿ ಯುಪಿಎಸ್ 1,300, ವೈರು-ಹೆಡ್‌ಸೆಟ್ 3,200, ಬಡಗಿಯಿಂದ ಮಾಡಿಸಿದ 29 ಇಂಚು ಎತ್ತರದ ಟೇಬಲ್ 4,500, ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ತಂದ ಕುರ್ಚಿ 4,000. ಒಟ್ಟು 41,900. ಬೆಂಗಳೂರಿನ ಬಾಡಿಗೆ 16,000 ಇತ್ತು, ಮೂರನೇ ತಿಂಗಳಿಗೆ ಲೆಕ್ಕ ಚುಕ್ತಾ. ಕುರ್ಚಿಯಲ್ಲಿ ಮಾತ್ರ ಜಿಪುಣತನ ಬೇಡ. ಪ್ಲಾಸ್ಟಿಕ್ ಕುರ್ಚಿ ಮೇಲೆ ದಿಂಬಿಟ್ಟು ಕಳೆದ ಮೊದಲ ಮೂರು ವಾರದ ಬಾಕಿಯನ್ನು ಬೆನ್ನು ಈಗಲೂ ವಸೂಲಿ ಮಾಡುತ್ತಿದೆ.

ಗೃಹಜ್ಯೋತಿ ಇರುವ ಮನೆಯಲ್ಲಿ ಯಾರೂ ಮುಂಚೆ ಹೇಳದ ವಿಷಯ: ನಿಮಗೆ 200 ಯೂನಿಟ್‌ವರೆಗೂ ಪೂರ್ತಿ ಪುಕ್ಕಟೆ ಅಲ್ಲ. 2022-23ರ ತಿಂಗಳ ಸರಾಸರಿಯ ಮೇಲೆ 10 ಪರ್ಸೆಂಟ್ ಸೇರಿಸಿದ್ದು ನಮ್ಮಂಥ ಮನೆಯ ಮಿತಿ. ಆಗ ಮನೆಯಲ್ಲಿ ಇದ್ದದ್ದು ಅಪ್ಪ ಅಮ್ಮ ಇಬ್ಬರೇ, ಸರಾಸರಿ 62, ಹಾಗಾಗಿ ಮಿತಿ 68. ದಿನಕ್ಕೆ ಒಂಬತ್ತು ಗಂಟೆ ಕೆಲಸ, 150 ವಾಟ್, 22 ದಿನ ಅಂದರೆ 30 ಯೂನಿಟ್. ಬ್ಯಾಟರಿ ಚಾರ್ಜಿನ ನಷ್ಟ ಸೇರಿ 35ರ ಮೇಲೆ. ಮಿತಿ ದಾಟಿದ ಯೂನಿಟ್‌ಗಳಿಗೆ ಒಂದಕ್ಕೆ ಆರು ರೂಪಾಯಿ ಆಸುಪಾಸು ಬೀಳುತ್ತದೆ, ಅದು ದೊಡ್ಡದಲ್ಲ. 200 ದಾಟಿದರೆ ಮಾತ್ರ ಪೂರ್ತಿ ಬಿಲ್ಲು ನಿಮ್ಮ ತಲೆಗೆ. ಎಸಿ ಹಾಕಿಸುವ ಯೋಚನೆ ಇದ್ದರೆ, ಗಂಟೆಗೆ ಒಂದು ಯೂನಿಟ್ ಅಂತ ಹಿಡಿದರೂ ದಿನಕ್ಕೆ ಎಂಟು, ತಿಂಗಳಿಗೆ 176. ಅಪ್ಪನ ಮುಖ ನೋಡಿಕೊಂಡು ತೀರ್ಮಾನ ಮಾಡಿ.

ತಿಂಗಳಿಗೆ ಎರಡು ಸಲ ಆಫೀಸಿಗೆ ಹೋಗಲೇಬೇಕು. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಮಂಡ್ಯದಲ್ಲಿ ಹತ್ತಿದರೆ ಆಫೀಸು ಹೊತ್ತಿಗೆ ಬೆಂಗಳೂರು. ಕೂರೋಕೆ ಜಾಗ ಸಿಗುವ ಭರವಸೆ ಇಲ್ಲ, ದಿನಾ ಓಡಾಡುವವರ ಗುಂಪಿಗೆ ಅವರವರ ಜಾಗ ಇದೆ. ಎರಡು ದಿನಕ್ಕೆ ಸೀಸನ್ ಪಾಸ್ ಗಿಟ್ಟುವುದಿಲ್ಲ. ಬೈಕಲ್ಲಿ ಹೋಗೋಣ ಅಂದುಕೊಂಡರೆ, 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ.

ಜನರ ವಿಷಯ ಚಿಕ್ಕದು, ಆದರೆ ದಿನನಿತ್ಯದ್ದು. 'ಏನ್ಲಾ, ಕೆಲ್ಸ ಬುಟ್‌ಬುಟ್ಯಾ?' ಅಂತ ಕೇಳದವರು ಊರಲ್ಲಿ ಯಾರೂ ಉಳಿದಿಲ್ಲ. ಮನೆಯಲ್ಲಿದ್ದಾನೆ ಅಂದರೆ ಬಿಡುವಾಗಿದ್ದಾನೆ ಅಂತ ಲೆಕ್ಕ. ಗ್ಯಾಸ್ ಸಿಲಿಂಡರ್ ಇಳಿಸೋಕೆ, ಸೊಸೈಟಿಗೆ ಹಾಲು ಹಾಕೋಕೆ, ಪಕ್ಕದ ಮನೆ ಹುಡುಗನ ಕಾಲೇಜು ಅರ್ಜಿ ತುಂಬೋಕೆ, ಎಲ್ಲಕ್ಕೂ ಕರೆ ಬರುತ್ತದೆ. ಬಾಗಿಲಿಗೆ ಕೆಂಪು ಟವೆಲ್ ನೇತುಹಾಕಿದರೆ ಕಾಲ್ ನಡೀತಿದೆ ಅಂತ ಮನೆಯವರಿಗೆ ಹೇಳಿದ್ದು ಕೆಲಸ ಮಾಡಿತು. ಬೀಗ ಹಾಕಿಕೊಂಡರೆ ಬೇಜಾರು, ಟವೆಲ್ಲಿಗೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಗೆಹರಿಯದೆ ಉಳಿದಿರೋದು ಆಲೆಮನೆ. ಗಾಣ ತಿರುಗುವ ಸದ್ದನ್ನು ಹೆಡ್‌ಸೆಟ್ ಸೋಸುತ್ತದೆ. ಕೊಪ್ಪರಿಗೆ ಕೆಳಗೆ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ಉರಿಸುವ ಹೊಗೆ ಮಾತ್ರ ಪಡುವಣ ಗಾಳಿಗೆ ನೇರ ಕಿಟಕಿಗೆ ಬರುತ್ತದೆ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಕೆಮ್ಮು. ಸದ್ಯಕ್ಕೆ ಮೀಟಿಂಗ್‌ಗಳನ್ನು ಹನ್ನೊಂದಕ್ಕೆ ಮುಂಚೆ ಇಟ್ಟುಕೊಂಡಿದ್ದೀನಿ, ಮೊದಲ ಪಾಕ ಇಳಿಯೋದು ಆಮೇಲೆ. ಇಳಿದ ದಿನ ಅಲ್ಲಿಂದ ಒಂದು ಅಚ್ಚು ಬೆಲ್ಲ ಮನೆಗೆ ಬರುತ್ತದೆ, ಆದ್ದರಿಂದ ಜೋರಾಗಿ ದೂರುವ ಹಾಗೂ ಇಲ್ಲ.